ಓದುಗರ ಪ್ರಶ್ನೆ: ಜೊಂಡಿನ ಬೇರಿನಡಿ ನೀರು ತಿಳಿಯಾಗುವ ಬಗೆ

ಕೊಳಚೆ ನೀರನ್ನು ಜೊಂಡು ಬೆಳೆಸಿದ ಜಲ್ಲಿಯ ಪಾತಿಗಳ ಮೂಲಕ ನಿಧಾನವಾಗಿ ಹಾಯಿಸಿ ಶುದ್ಧಗೊಳಿಸುವ ಕೃತಕ ಜೌಗುಭೂಮಿಗಳ ಬಗ್ಗೆ ಹಲವು ಓದುಗರು ಪ್ರಶ್ನೆ ಕಳಿಸಿದ್ದಾರೆ. ಹೆಚ್ಚಿನವರು ಕೇಳಿರುವುದು ಗಿಡಗಳ ವಿಷಯ. ಉತ್ತರ ಹುಡುಕಹೊರಟರೆ ಮಾತ್ರ ಪ್ರತಿ ಬಾರಿಯೂ ಗಿಡದ ಬುಡಕ್ಕೆ, ಅಲ್ಲಿಂದ ಮಣ್ಣಿನ ಸೂಕ್ಷ್ಮಜೀವಿಗಳ ಬಳಿಗೆ ಇಳಿಯಬೇಕಾಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಜೊಂಡುಹುಲ್ಲು ಕೊಳೆಯನ್ನು ಹೀರಿಕೊಂಡು ನೀರನ್ನು ಶುದ್ಧಮಾಡುತ್ತದೆ ಎಂದು ಕೇಳಿದ್ದೇನೆ. ಹಾಗಿದ್ದರೆ ಬರೀ ಗಿಡ ನೆಟ್ಟರೆ ಸಾಲದೆ? ಜಲ್ಲಿ, ಮರಳು, ಮಣ್ಣು ಇವೆಲ್ಲ ಏಕೆ ಬೇಕು?

ಉತ್ತರ: ಗಿಡಗಳು ಸಾರಜನಕ, ರಂಜಕಗಳನ್ನು ಹೀರುವುದು ನಿಜ. ಆದರೆ ಮನೆಗಳ ಕೊಳಚೆ ನೀರಿನಲ್ಲಿ ಬರುವ ಒಟ್ಟು ಹೊರೆಗೆ ಹೋಲಿಸಿದರೆ ಅವು ಹೀರುವುದು ಸಣ್ಣ ಪಾಲು. ಅದೂ ಗಿಡವನ್ನು ಕೊಯ್ದು ಹೊರಗೆ ಸಾಗಿಸದಿದ್ದರೆ ಎಲೆ ಕೊಳೆತಾಗ ಮರಳಿ ನೀರಿಗೇ ಸೇರುತ್ತದೆ. ಕರಗಿದ ಸಾವಯವ ಕೊಳೆಯನ್ನು, ಅಂದರೆ ಸಾಬೂನಿನ ಅಂಶ, ಜಿಡ್ಡು, ಪಿಷ್ಟ, ಮಲಮೂತ್ರದ ಶೇಷ ಮೊದಲಾದವನ್ನು, ಗಿಡಗಳು ಆಹಾರವಾಗಿ ಬಳಸುವುದೇ ಇಲ್ಲವೆನ್ನಬಹುದು. ಅದನ್ನು ಅರಗಿಸುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು.

ಈ ವಿಧಾನದ ಇತಿಹಾಸದಲ್ಲಿಯೂ ಇದೇ ತಿರುವು ಇದೆ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಲೋನ್ ಪಟ್ಟಣದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಸ್ಯವಿಜ್ಞಾನಿ ಕೇಟೆ ಜೈಡೆಲ್ ಅವರು ಜಲಸಸ್ಯಗಳಿಂದ ಕೊಳಚೆ ನೀರನ್ನು ಶುದ್ಧಮಾಡುವ ಪ್ರಯೋಗಗಳನ್ನು ಆರಂಭಿಸಿದರು. ಅವರ ಆಸಕ್ತಿಯ ಕೇಂದ್ರ ಗಿಡವೇ ಆಗಿತ್ತು. ಮುಂದೆ ರೈನ್‌ಹೋಲ್ಡ್ ಕಿಕುತ್ ಅವರು ಬೇರು ಮತ್ತು ಮಣ್ಣು ಕೂಡುವ ವಲಯಕ್ಕೆ ಒತ್ತು ಕೊಟ್ಟು 'ಬೇರುವಲಯ ವಿಧಾನ'ವನ್ನು ರೂಪಿಸಿದರು. ಆ ಬಗೆಯ ಪೂರ್ಣಪ್ರಮಾಣದ ಘಟಕ 1974ರಲ್ಲಿ ಜರ್ಮನಿಯ ಓಟ್‌ಫ್ರೇಜೆನ್‌ನಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಮುಂದಿನ ಅಧ್ಯಯನಗಳು ಕಣ್ಣಿಗೆ ಕಾಣುವ ಹಸಿರಿನಿಂದ ಕಾಣದ ಜೀವಿಗಳ ಕಡೆಗೆ ಹೆಚ್ಚುಹೆಚ್ಚಾಗಿ ಹೊರಳಿದವು.

ಕೆಲಸ ಮಾಡುತ್ತಿರುವ ಒಂದು ಪಾತಿಯಲ್ಲಿ, ಕೈಗವಸು ತೊಟ್ಟು, ನೀರು ಒಳಬರುವ ತುದಿಯಿಂದ ಗೇಣುದ್ದ ಆಳದ ಒಂದು ಜಲ್ಲಿಕಲ್ಲನ್ನು ತೆಗೆದು ಬೆರಳಿನಿಂದ ಉಜ್ಜಿ ನೋಡಿ. ಅದಕ್ಕೆ ಬೂದುಬಣ್ಣದ, ಜಾರುವ ಲೋಳೆ ಮೆತ್ತಿಕೊಂಡಿರುತ್ತದೆ. ನೀರು ಹೊರಹೋಗುವ ತುದಿಯ ಕಲ್ಲಿನಲ್ಲಿ ಆ ಲೋಳೆ ಹೆಚ್ಚುಕಡಿಮೆ ಇರುವುದಿಲ್ಲ, ಏಕೆಂದರೆ ಅಷ್ಟು ದೂರ ಬರುವಷ್ಟರಲ್ಲಿ ನೀರಿನಲ್ಲಿದ್ದ ಆಹಾರವೆಲ್ಲ ಮುಗಿದಿರುತ್ತದೆ. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಒಟ್ಟಾಗಿ ಬಾಳುವ ಈ ಲೋಳೆಪದರವೇ ಇಡೀ ವ್ಯವಸ್ಥೆಯ ಅಡುಗೆಮನೆ, ಅದೇ ಜಠರ. ಹಾದುಹೋಗುವ ನೀರಿನ ಸೂಕ್ಷ್ಮ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳು ಹೊರಬಿಡುವ ಕಿಣ್ವಗಳು ಪ್ರೋಟೀನು, ಕೊಬ್ಬು, ಪಿಷ್ಟಗಳ ದೊಡ್ಡ ಅಣುಗಳನ್ನು ತುಂಡರಿಸುತ್ತವೆ. ಆ ತುಂಡುಗಳನ್ನು ಜೀವಕೋಶ ಒಳಗೆಳೆದುಕೊಂಡು ಒಂದು ಭಾಗವನ್ನು ಶಕ್ತಿಗಾಗಿ ಉರಿಸಿ ಇಂಗಾಲದ ಡೈಆಕ್ಸೈಡಾಗಿ ಬಿಡುತ್ತದೆ, ಉಳಿದದ್ದನ್ನು ತನ್ನ ಬೆಳವಣಿಗೆಗೆ ಬಳಸುತ್ತದೆ. ಜಲ್ಲಿ, ಮರಳು, ಮಣ್ಣು ಬೇಕಾಗುವುದು ಈ ಲೋಳೆಗೆ ನೆಲೆ ಒದಗಿಸಲು. ಬೇರುಗಳೂ ಅಂಥದೇ ನೆಲೆ. ಜೊತೆಗೆ ಅವು ಸಕ್ಕರೆಯಂಥ ಪದಾರ್ಥಗಳನ್ನು ಒಸರಿಸಿ ಸೂಕ್ಷ್ಮಜೀವಿಗಳನ್ನು ಪೋಷಿಸುತ್ತವೆ. ಗಿಡವಿಲ್ಲದ ಜಲ್ಲಿಪಾತಿಯೂ ನೀರನ್ನು ಸಾಕಷ್ಟು ಶುದ್ಧಮಾಡುತ್ತದೆ, ಗಿಡವಿದ್ದರೆ ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಮಾಡುತ್ತದೆ. ಬರೀ ಗಿಡವಿದ್ದು ಲೋಳೆ ನಿಲ್ಲಲು ಜಾಗವಿಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಪ್ರಶ್ನೆ: ಪಾತಿಯಿಂದ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಪರೀಕ್ಷೆಯಲ್ಲಿ ಅಮೋನಿಯಾ ಹೆಚ್ಚಿದೆ ಎಂದು ಬಂದಿದೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ ಮಾತ್ರವಲ್ಲ, ಅತ್ಯಂತ ಸಾಮಾನ್ಯ. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಕೃತಕ ಜೌಗುಭೂಮಿಯ ವಿನ್ಯಾಸದ ಕಷ್ಟವೆಲ್ಲ ಅಡಗಿರುವುದು ಸಾರಜನಕದ ಈ ದಾರಿಯಲ್ಲೇ.

ಮೂತ್ರದ ಯೂರಿಯಾ ಮತ್ತು ಆಹಾರದ ಪ್ರೋಟೀನು ಒಡೆದಾಗ ಅಮೋನಿಯಾ ಉಂಟಾಗುತ್ತದೆ. ಈ ಹಂತಕ್ಕೆ ವಿಶೇಷ ಜೀವಿಗಳೇನೂ ಬೇಕಿಲ್ಲ. ಮುಂದಿನ ಹಂತ ನೈಟ್ರೀಕರಣ: ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟಾಗಿಯೂ, ನೈಟ್ರೊಬ್ಯಾಕ್ಟರ್, ನೈಟ್ರೊಸ್ಪೈರಾ ಮೊದಲಾದವು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅವರು 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ, ಅವು ಸಾವಯವ ಆಹಾರವಿಲ್ಲದೆ, ಅಮೋನಿಯಾವನ್ನೇ ಉರುವಲಾಗಿಸಿಕೊಂಡು ಬದುಕುತ್ತವೆ ಎಂದು ತೋರಿಸಿದಾಗ ಜೀವವಿಜ್ಞಾನಕ್ಕೆ ಅದೊಂದು ಹೊಸ ಲೋಕವೇ ತೆರೆದಂತಾಯಿತು. ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದು, ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಹಾಗೆ ಮಾಡುತ್ತವೆ ಎಂಬುದು ಗೊತ್ತಾದದ್ದು 2015ರಲ್ಲಿ, ಅಂದರೆ ನೂರಿಪ್ಪತ್ತೈದು ವರ್ಷಗಳ ಬಳಿಕ.

ಈ ಜೀವಿಗಳ ಬದುಕು ಬಹಳ ನಿಧಾನ. ಅನುಕೂಲವಾದ ಸ್ಥಿತಿಯಲ್ಲಿ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ನೈಟ್ರೀಕರಣ ನಡೆಸುವವು ಇಮ್ಮಡಿಯಾಗಲು ಅರ್ಧ ದಿನವೋ ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕು. ಇವುಗಳಿಗೆ ಆಮ್ಲಜನಕವೂ ಹೇರಳವಾಗಿ ಬೇಕು: 1 ಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟ್ ಮಾಡಲು ಲೆಕ್ಕಪ್ರಕಾರ ಸುಮಾರು 4.6 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಒಂದು ಲೀಟರ್ ಕೊಳಚೆ ನೀರಿನಲ್ಲಿ 30 ಮಿಲಿಗ್ರಾಂ ಅಮೋನಿಯಾ-ಸಾರಜನಕ ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 137 ಮಿಲಿಗ್ರಾಂ; 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲದ್ದು 8 ಮಿಲಿಗ್ರಾಮಿನಷ್ಟು ಮಾತ್ರ. ಜೊತೆಗೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಸಾವಯವ ಕೊಳೆಯನ್ನು ತಿನ್ನುವ ಚುರುಕಾದ ಬ್ಯಾಕ್ಟೀರಿಯಾಗಳು ಇರುವ ಅಷ್ಟಿಷ್ಟು ಆಮ್ಲಜನಕವನ್ನೂ ಮೊದಲೇ ಮುಗಿಸಿಬಿಡುತ್ತವೆ. ಆದುದರಿಂದಲೇ ಸದಾ ನೀರು ತುಂಬಿ ನಿಂತ, ಅಡ್ಡಲಾಗಿ ಹರಿಯುವ ಪಾತಿಯಲ್ಲಿ ಕೊಳೆ ಹೋಗಿ ನೀರು ತಿಳಿಯಾದರೂ ಅಮೋನಿಯಾ ಹಾಗೆಯೇ ಉಳಿಯುತ್ತದೆ.

ಪರಿಹಾರವಾಗಿ ಬಂದದ್ದು ಲಂಬ ಹರಿವಿನ ಪಾತಿ. ಇದರಲ್ಲಿ ನೀರನ್ನು ದಿನಕ್ಕೆ ಹಲವು ಬಾರಿ, ಕಂತುಗಳಲ್ಲಿ, ಮೇಲಿನಿಂದ ಸುರಿಯುತ್ತಾರೆ. ಅದು ಮರಳಿನ ಮೂಲಕ ಬಸಿದು ಕೆಳಗಿಳಿಯುವಾಗ ಅದರ ಬೆನ್ನಿಗೇ ಗಾಳಿ ಒಳನುಗ್ಗುತ್ತದೆ. ಮುಂದಿನ ಕಂತಿನವರೆಗೆ ಮರಳ ಕಣಗಳ ಮೇಲಿನ ಲೋಳೆ ಆ ಗಾಳಿಯನ್ನು ಉಸಿರಾಡುತ್ತದೆ. ಅಮೋನಿಯಾ ನೈಟ್ರೇಟಾಗುವುದು ಇಲ್ಲಿ.

ನೈಟ್ರೇಟ್ ಆದರೆ ಮುಗಿಯಿತೆ ಎಂದರೆ, ಇಲ್ಲ. ನೈಟ್ರೇಟ್ ಅಂತರ್ಜಲಕ್ಕೆ ಇಳಿದರೆ ಕುಡಿಯುವ ನೀರು ಕೆಡುತ್ತದೆ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಕೆರೆ, ಕಡಲುಗಳಿಗೆ ಸೇರಿದರೆ ಪಾಚಿ ಬೆಳೆಯಲು ಗೊಬ್ಬರವಾಗುತ್ತದೆ. ಅದನ್ನು ನಿರಪಾಯಕಾರಿ ಸಾರಜನಕ ಅನಿಲವಾಗಿ ಗಾಳಿಗೆ ಹಿಂದಿರುಗಿಸುವ ಕ್ರಿಯೆಯೇ ವಿನೈಟ್ರೀಕರಣ. ಇದನ್ನು ನಡೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದ ಕಡೆ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ, ಮತ್ತು ಅವಕ್ಕೆ ಆಹಾರವಾಗಿ ಸಾವಯವ ಇಂಗಾಲ ಬೇಕು. ಅಂದರೆ ಮೊದಲ ಹಂತಕ್ಕೆ ಗಾಳಿ ಬೇಕು, ಎರಡನೆಯದಕ್ಕೆ ಗಾಳಿ ಇರಬಾರದು; ಮೊದಲನೆಯದಕ್ಕೆ ಸಾವಯವ ಕೊಳೆ ಅಡ್ಡಿ, ಎರಡನೆಯದಕ್ಕೆ ಅದೇ ಆಹಾರ. ಹೀಗಾಗಿ ಲಂಬ ಪಾತಿಯಿಂದ ಹೊರಟ ನೀರನ್ನು ಅಡ್ಡ ಹರಿವಿನ ಪಾತಿಗೆ ಬಿಡುವ, ಇಲ್ಲವೆ ಅದರಲ್ಲಿ ಒಂದಷ್ಟನ್ನು ಮೊದಲಿನ ತೊಟ್ಟಿಗೇ ಮರಳಿಸುವ ಜೋಡಿ ವ್ಯವಸ್ಥೆಗಳು ಬಂದವು. ನಿಮ್ಮಲ್ಲಿರುವುದು ಒಂದೇ ಅಡ್ಡ ಪಾತಿಯಾದರೆ, ಅದಕ್ಕೆ ಮೊದಲು ಚಿಕ್ಕದೊಂದು ಲಂಬ ಪಾತಿ ಸೇರಿಸಬಹುದೆ ಎಂದು ವಿನ್ಯಾಸ ಬಲ್ಲವರನ್ನು ಕೇಳಿ.

ಆಮ್ಲಜನಕವಿಲ್ಲದೆಯೂ ಅಮೋನಿಯಾವನ್ನು ನೈಟ್ರೈಟಿನೊಡನೆ ಕೂಡಿಸಿ ನೇರವಾಗಿ ಸಾರಜನಕ ಅನಿಲ ಮಾಡುವ 'ಅನಮಾಕ್ಸ್' ಬ್ಯಾಕ್ಟೀರಿಯಾಗಳಿವೆ. ಇಂಥ ಜೀವಿ ಇರಲೇಬೇಕೆಂದು ಆಸ್ಟ್ರಿಯಾದ ಎಂಗೆಲ್‌ಬರ್ಟ್ ಬ್ರೋಡಾ 1977ರಲ್ಲಿ ಶಕ್ತಿಯ ಲೆಕ್ಕಾಚಾರದಿಂದಲೇ ಊಹಿಸಿದ್ದರು. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅವು ಪತ್ತೆಯಾದವು. ಕೃತಕ ಜೌಗುಭೂಮಿಗಳಲ್ಲಿಯೂ ಅವು ಕಂಡುಬಂದಿವೆ.

ಪ್ರಶ್ನೆ: ಪಾತಿಯನ್ನು ಅಗೆದಾಗ ಒಳಗಿನ ಮಣ್ಣು ಇದ್ದಿಲಿನಂತೆ ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು. ಆದರೆ ಬೇರಿನ ಸುತ್ತ ಮಾತ್ರ ಕೆಂಪು ಬಣ್ಣವಿತ್ತು. ಪಾತಿ ಕೆಟ್ಟಿದೆಯೆ?

ಉತ್ತರ: ನೀವು ಕಂಡದ್ದು ಬಹಳ ಅರ್ಥಪೂರ್ಣವಾದ ದೃಶ್ಯ, ಗಮನಿಸಿ ಬರೆದದ್ದಕ್ಕೆ ಧನ್ಯವಾದಗಳು. ಆ ಕೆಂಪು ತುಕ್ಕಿನದು. ಜೊಂಡಿನಂಥ ಜೌಗುಗಿಡಗಳ ಕಾಂಡ ಮತ್ತು ಬೇರುಗಳ ಒಳಗೆ ಗಾಳಿಯ ಕೊಳವೆಗಳಿರುತ್ತವೆ. ಎಲೆಯಿಂದ ಇಳಿದ ಆಮ್ಲಜನಕದಲ್ಲಿ ಸ್ವಲ್ಪ ಬೇರಿನ ತುದಿಯಿಂದ ಹೊರಗೆ ಸೋರುತ್ತದೆ. ಮಣ್ಣಿನ ನೀರಿನಲ್ಲಿ ಕರಗಿದ ಕಬ್ಬಿಣ ಅದನ್ನು ತಾಗಿ ತುಕ್ಕಾಗಿ ಬೇರಿನ ಸುತ್ತ ಕವಚ ಕಟ್ಟುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಆ ಕೆಂಪು ಪಟ್ಟಿಯಲ್ಲಿ ಗಾಳಿ ಬೇಕಾದ ಜೀವಿಗಳೂ, ಅದರ ಆಚೆಯ ಕಪ್ಪಿನಲ್ಲಿ ಗಾಳಿ ಒಲ್ಲದ ಜೀವಿಗಳೂ ನೆರೆಹೊರೆಯಾಗಿ ಬಾಳುತ್ತಿವೆ. ಹಿಂದಿನ ಉತ್ತರದಲ್ಲಿ ಹೇಳಿದ ಎರಡು ಹಂತಗಳು ಈ ಗಡಿಯಲ್ಲಿ ಕೂದಲೆಳೆಯ ಅಂತರದಲ್ಲಿ ನಡೆಯುತ್ತಿರುತ್ತವೆ. ಆದರೆ ಬೇರಿನಿಂದ ಸೋರುವ ಆಮ್ಲಜನಕ ಅಲ್ಪವಾದದ್ದು, ಕೊಳಚೆಯ ಪೂರ್ತಿ ಹೊರೆಗೆ ಅದೊಂದನ್ನೇ ನಂಬಲಾಗದು.

ಕಪ್ಪು ಬಣ್ಣ ಬರುವುದು ಹೀಗೆ. ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬದಲಿಗಳನ್ನು ಒಂದಾದಮೇಲೊಂದರಂತೆ ಹಿಡಿಯುತ್ತವೆ: ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಅನಂತರ ಸಲ್ಫೇಟ್, ಕೊನೆಗೆ ಮೀಥೇನ್ ಉಂಟಾಗುವ ಹಂತ. ಸಲ್ಫೇಟ್ ಬಳಸುವ ಡಿಸಲ್ಫೊವಿಬ್ರಿಯೊದಂಥ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದು. ಅದು ಕಬ್ಬಿಣದೊಡನೆ ಕೂಡಿದಾಗ ಕಪ್ಪು ಸಲ್ಫೈಡ್ ಆಗುತ್ತದೆ. ಗಣಿಗಳಿಂದ ಹರಿದುಬರುವ ಆಮ್ಲೀಯ ನೀರಿನ ಸತು, ತಾಮ್ರ, ಕ್ಯಾಡ್ಮಿಯಂ ಲೋಹಗಳನ್ನು ಹಿಡಿದಿಡಲು ಇದೇ ಕ್ರಿಯೆಯನ್ನು ಬಳಸುವ ಪಾತಿಗಳಿವೆ. ಆದ್ದರಿಂದ ಆಳದ ಕಪ್ಪನ್ನು ಕಂಡು ಹೆದರಬೇಕಿಲ್ಲ. ಅಗೆಯದೆಯೇ ದೂರಕ್ಕೆ ವಾಸನೆ ಹೊಡೆಯುತ್ತಿದ್ದರೆ, ಕಪ್ಪು ಮೇಲ್ಪದರದವರೆಗೂ ಬಂದಿದ್ದರೆ, ಹೊಸ ಚಿಗುರು ಹಳದಿಯಾಗುತ್ತಿದ್ದರೆ ಮಾತ್ರ ಪಾತಿಗೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು.

ಪ್ರಶ್ನೆ: ರಂಜಕವನ್ನೂ ಸೂಕ್ಷ್ಮಜೀವಿಗಳೇ ತೆಗೆಯುತ್ತವೆಯೆ?

ಉತ್ತರ: ಸ್ವಲ್ಪ ಮಟ್ಟಿಗೆ ಮಾತ್ರ. ಸಾರಜನಕದಂತೆ ಗಾಳಿಗೆ ಹಾರಿಹೋಗುವ ದಾರಿ ರಂಜಕಕ್ಕೆ ಇಲ್ಲ. ಸೂಕ್ಷ್ಮಜೀವಿಗಳ ದೇಹದಲ್ಲಿ ಸೇರಿದ್ದು ಅವು ಸತ್ತಾಗ ಮರಳುತ್ತದೆ. ಹೆಚ್ಚಿನ ರಂಜಕ ಮಣ್ಣು, ಮರಳುಗಳ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣದ ಅಂಶಗಳಿಗೆ ಅಂಟಿಕೊಳ್ಳುತ್ತದೆ, ಆ ಜಾಗಗಳು ಕೆಲವು ವರ್ಷಗಳಲ್ಲಿ ಭರ್ತಿಯಾಗುತ್ತವೆ. ಇಲ್ಲಿ ಸೂಕ್ಷ್ಮಜೀವಿಗಳು ಕೆಲವೊಮ್ಮೆ ಎದುರು ಪಕ್ಷದಲ್ಲಿಯೂ ಇರುತ್ತವೆ: ಕಬ್ಬಿಣವನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳು ತುಕ್ಕನ್ನು ಕರಗಿಸಿದಾಗ ಅದಕ್ಕೆ ಅಂಟಿದ್ದ ರಂಜಕವೂ ಬಿಡುಗಡೆಯಾಗುತ್ತದೆ. ಹೊಸ ಪಾತಿಯ ಮೊದಲ ವರ್ಷದ ಫಲಿತಾಂಶ ನೋಡಿ ರಂಜಕದ ಬಗ್ಗೆ ನಿಶ್ಚಿಂತರಾಗಬಾರದು.

ಪ್ರಶ್ನೆ: ಬ್ಯಾಕ್ಟೀರಿಯಾಗಳಿಂದಲೇ ಶುದ್ಧವಾದ ನೀರಿನಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳು ಇರುವುದಿಲ್ಲವೆ? ಈ ನೀರನ್ನು ಕುಡಿಯಬಹುದೆ?

ಉತ್ತರ: ಕುಡಿಯಲೇಬಾರದು. ಕಾರಣವನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. 100 ಮಿಲಿಲೀಟರ್ ಕೊಳಚೆ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳು ಒಂದು ಕೋಟಿಯಷ್ಟು ಇರಬಹುದು. ಪಾತಿ ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ತೆಗೆದರೂ ಒಂದು ಲಕ್ಷ ಉಳಿಯುತ್ತವೆ. ಶುದ್ಧೀಕರಣ ಚೆನ್ನಾಗಿಯೇ ನಡೆದಿದೆ, ಆದರೂ ನೀರು ಕುಡಿಯಲು ಯೋಗ್ಯವಾಗಿಲ್ಲ.

ಅಷ್ಟು ಕಡಿಮೆಯಾಗುವುದಕ್ಕೂ ಮಣ್ಣಿನ ಜೀವಿಗಳೇ ಮುಖ್ಯ ಕಾರಣ. ಕರುಳಿನ ಬೆಚ್ಚನೆಯ, ಆಹಾರ ತುಂಬಿದ ನೆಲೆಯಿಂದ ಬಂದ ಬ್ಯಾಕ್ಟೀರಿಯಾಗಳು ಇಲ್ಲಿ ಮಣ್ಣಿನ ಮೂಲನಿವಾಸಿಗಳೊಡನೆ ಆಹಾರಕ್ಕೆ ಸ್ಪರ್ಧಿಸಲಾರವು. ಲೋಳೆಯ ಮೇಲೆ ಮೇಯುವ ಪ್ರೋಟೊಜೋವಾಗಳು ಗಂಟೆಗೆ ನೂರಾರು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಪಾತಿಯ ಒಂದು ಹನಿ ನೀರನ್ನು ನೋಡಿದರೆ, ಸ್ಪ್ರಿಂಗಿನಂಥ ತೊಟ್ಟಿನ ತುದಿಯಲ್ಲಿ ಗಂಟೆಯಾಕಾರದ ವೊರ್ಟಿಸೆಲ್ಲಾ ರೋಮಗಳನ್ನು ಬೀಸುತ್ತ ನೀರನ್ನು ಬಾಯಿಗೆ ಸೆಳೆಯುವುದು, ಏನಾದರೂ ತಾಗಿದೊಡನೆ ತೊಟ್ಟು ಸುರುಳಿಯಾಗಿ ಕುಗ್ಗುವುದು ಕಾಣುತ್ತದೆ. ಅಂಥ ಜೀವಿಗಳು ಹೇರಳವಾಗಿರುವ ಪಾತಿ ಆರೋಗ್ಯವಾಗಿದೆ ಎಂದು ನಂಬಬಹುದು.

ಪ್ರಶ್ನೆ: ಪಾತಿಗೆ ಹಾಕಲು ಬಾಟಲಿಯಲ್ಲಿ ಬ್ಯಾಕ್ಟೀರಿಯಾ ದ್ರಾವಣ ಸಿಗುತ್ತದೆ. ಕೊಳ್ಳಬೇಕೆ?

ಉತ್ತರ: ಸಾಮಾನ್ಯವಾಗಿ ಬೇಡ. ಬೇಕಾದ ಜೀವಿಗಳು ಕೊಳಚೆ ನೀರಿನಲ್ಲಿ, ಗಿಡದ ಬೇರಿನ ಮಣ್ಣಿನಲ್ಲಿ ಮೊದಲೇ ಇರುತ್ತವೆ. ಸಾವಯವ ಕೊಳೆ ತಿನ್ನುವವು ಕೆಲವೇ ವಾರಗಳಲ್ಲಿ ನೆಲೆಯೂರುತ್ತವೆ, ನೈಟ್ರೀಕರಣದವು ತಿಂಗಳುಗಟ್ಟಲೆ ತೆಗೆದುಕೊಳ್ಳಬಹುದು. ಚಳಿ 10 ಡಿಗ್ರಿಗಿಂತ ಕೆಳಗಿಳಿದರೆ ಇನ್ನೂ ನಿಧಾನ. ಆತುರವಿದ್ದರೆ ಚೆನ್ನಾಗಿ ನಡೆಯುತ್ತಿರುವ ಹಳೆಯ ಪಾತಿಯಿಂದ ಒಂದಷ್ಟು ಜಲ್ಲಿಯನ್ನು ತಂದು ಬೆರೆಸಿ. ಬಾಟಲಿಗೆ ಖರ್ಚು ಮಾಡುವುದಕ್ಕಿಂತ ಶೌಚಾಲಯ ತೊಳೆಯುವ ಬ್ಲೀಚಿಂಗ್ ಪುಡಿ, ಸೋಂಕುನಾಶಕಗಳನ್ನು ಒಮ್ಮೆಲೇ ಹೆಚ್ಚಾಗಿ ಚರಂಡಿಗೆ ಸುರಿಯದಂತೆ ನೋಡಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಪ್ರಶ್ನೆ: ನಾಲ್ಕು ವರ್ಷ ಚೆನ್ನಾಗಿದ್ದ ಪಾತಿಯಲ್ಲಿ ಈಗ ನೀರು ಇಂಗದೆ ಮೇಲೆ ನಿಲ್ಲುತ್ತಿದೆ. ಜಲ್ಲಿ ಬದಲಿಸಲೇಬೇಕೆ?

ಉತ್ತರ: ಬದಲಿಸುವ ಮೊದಲು ಪಾತಿಗೆ ವಿರಾಮ ಕೊಟ್ಟು ನೋಡಿ. ನೀರನ್ನು ಶುದ್ಧಮಾಡುವ ಲೋಳೆಯೇ ಮಿತಿಮೀರಿ ಬೆಳೆದು, ಗಸಿಯೊಡನೆ ಸೇರಿ ಸಂದುಗಳನ್ನು ಮುಚ್ಚಿದೆ. ಒಳಬರುವ ನೀರನ್ನು ಕೆಲವು ವಾರ ಬೇರೆ ಪಾತಿಗೆ ತಿರುಗಿಸಿದರೆ, ಒಣಗಿದ ಪದರದೊಳಕ್ಕೆ ಗಾಳಿ ಇಳಿದು, ಹಸಿದ ಸೂಕ್ಷ್ಮಜೀವಿಗಳು ಕೂಡಿಟ್ಟ ಲೋಳೆಯನ್ನೇ ಅರಗಿಸತೊಡಗುತ್ತವೆ. ಫ್ರಾನ್ಸಿನಲ್ಲಿ ಬಳಕೆಯಲ್ಲಿರುವ ಲಂಬ ಪಾತಿಗಳಲ್ಲಿ ಈ ವಿರಾಮ ವಿನ್ಯಾಸದ ಭಾಗವೇ ಆಗಿದೆ: ಮೊದಲ ಹಂತದಲ್ಲಿ ಮೂರು ಪಾತಿಗಳಿದ್ದು, ಪ್ರತಿಯೊಂದಕ್ಕೂ ಮೂರೂವರೆ ದಿನ ನೀರು ಬಿಟ್ಟು ಏಳು ದಿನ ಒಣಗಿಸುತ್ತಾರೆ. ಅಲ್ಲಿ ಗಾಳಿಗೆ ತೂಗುವ ಜೊಂಡಿನ ಕಾಂಡಗಳು ಮೇಲಿನ ಗಸಿಯ ಹೆಪ್ಪನ್ನು ಬುಡದಲ್ಲಿ ಬಿರುಕುಬಿಡಿಸಿ ನೀರಿಗೆ ದಾರಿ ಮಾಡಿಕೊಡುತ್ತವೆ. ಗಿಡದ ಈ ಸೇವೆಯನ್ನು ಹೇಳುವವರು ಕಡಿಮೆ.

ಮೂಲ ಕಾರಣವನ್ನೂ ಹುಡುಕಬೇಕು. ಬಹುಪಾಲು ಸಂದರ್ಭಗಳಲ್ಲಿ ಪಾತಿಗೆ ಮೊದಲು ಸಿಗುವ ಸೆಪ್ಟಿಕ್ ಟ್ಯಾಂಕು ತುಂಬಿ, ಗಟ್ಟಿ ಗಸಿ ಮತ್ತು ಜಿಡ್ಡು ನೇರವಾಗಿ ಪಾತಿಗೆ ಬರುತ್ತಿರುತ್ತದೆ. ಟ್ಯಾಂಕಿನ ಹೂಳು ತೆಗೆಸದೆ ಜಲ್ಲಿಯನ್ನು ಮಾತ್ರ ಬದಲಿಸಿದರೆ ಹೊಸ ಜಲ್ಲಿಯೂ ಕಟ್ಟಿಕೊಳ್ಳುತ್ತದೆ. ವಿರಾಮದ ನಂತರವೂ ನೀರು ಇಂಗದಿದ್ದರೆ, ಒಳಬರುವ ತುದಿಯ ಒಂದೆರಡು ಮೀಟರ್ ಉದ್ದದ ಜಲ್ಲಿಯನ್ನಷ್ಟೇ ತೆಗೆದು ತೊಳೆದು ಹಾಕಿದರೆ ಹೆಚ್ಚಾಗಿ ಸಾಕಾಗುತ್ತದೆ.

ಪ್ರಶ್ನೆ: ಜೌಗುಭೂಮಿಗಳಿಂದ ಮೀಥೇನ್ ಹೊರಬರುತ್ತದೆ ಎನ್ನುತ್ತಾರೆ. ನೀರು ಶುದ್ಧಮಾಡಲು ಹೋಗಿ ವಾತಾವರಣವನ್ನು ಕೆಡಿಸಿದಂತಾಗುವುದಿಲ್ಲವೆ?

ಉತ್ತರ: ಆತಂಕ ಸರಿಯಾದದ್ದೇ. ಆಳದ ಜೀವಿಗಳಿಂದ ಮೀಥೇನ್ ಬರುತ್ತದೆ. ವಿನೈಟ್ರೀಕರಣ ಅರ್ಧದಲ್ಲಿ ನಿಂತರೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ, ನೂರು ವರ್ಷಗಳ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಆದರೆ ಅದೇ ಕೊಳಚೆ ನೀರನ್ನು ಶುದ್ಧಮಾಡದೆ ಕೆರೆಗೆ ಬಿಟ್ಟರೆ ಈ ಅನಿಲಗಳು ಅಲ್ಲಿಯೂ ಹುಟ್ಟುತ್ತವೆ. ಮೇಲ್ಪದರದಲ್ಲಿ ಗಾಳಿಯಾಡುವ ಪಾತಿಯಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿದ್ದು, ಮೇಲೇರುವ ಅನಿಲದ ಒಂದು ಭಾಗವನ್ನು ದಾರಿಯಲ್ಲೇ ತಡೆಯುತ್ತವೆ. ಪಾತಿಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಇದನ್ನು ಮಕ್ಕಳಿಗೆ ಪ್ರಯೋಗದ ಮೂಲಕ ತೋರಿಸಬಹುದೆ?

ಉತ್ತರ: ಖಂಡಿತ, ಕೊಳಚೆ ನೀರನ್ನು ಮುಟ್ಟದೆಯೇ ತೋರಿಸಬಹುದು. ಎರಡು ಬಕೆಟ್‌ಗಳಿಗೆ ತೊಳೆದ ಸಣ್ಣ ಜಲ್ಲಿ ತುಂಬಿ, ಎರಡಕ್ಕೂ ಕೊಳದ ಅಂಚಿನ ಒಂದು ಹಿಡಿ ಮಣ್ಣು ಬೆರೆಸಿ. ಕ್ಲೋರಿನ್ ಇಲ್ಲದ 10 ಲೀಟರ್ ನೀರಿಗೆ 0.2 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಲೀಟರಿಗೆ ಸುಮಾರು 5 ಮಿಲಿಗ್ರಾಂ ಅಮೋನಿಯಾ-ಸಾರಜನಕ ಆಗುತ್ತದೆ; ಇದನ್ನು ಎರಡೂ ಬಕೆಟ್‌ಗಳಿಗೆ ಜಲ್ಲಿ ಮುಳುಗುವಷ್ಟು ಹಾಕಿ, ನೆರಳಿನಲ್ಲಿಡಿ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದರ ನೀರನ್ನು ದಿನಕ್ಕೆರಡು ಬಾರಿ ಬಸಿದು, ಅರ್ಧ ಗಂಟೆ ಬರಿದಾಗಿಟ್ಟು, ಅದೇ ನೀರನ್ನು ಮರಳಿ ಸುರಿಯಿರಿ. ಅಕ್ವೇರಿಯಂ ಇಡುವವರು ಬಳಸುವ ಪರೀಕ್ಷಾ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆದು ಮಕ್ಕಳು ಗ್ರಾಫ್ ಬರೆಯಲಿ. ಮೊದಲ ದಿನಗಳಲ್ಲಿ ಏನೂ ಆಗದಂತೆ ಕಾಣುತ್ತದೆ, ನಿರಾಶರಾಗಬೇಡಿ. ಕೆಲವು ವಾರಗಳಲ್ಲಿ ಗಾಳಿಯಾಡಿಸಿದ ಬಕೆಟ್‌ನಲ್ಲಿ ಅಮೋನಿಯಾ ಬೇಗ ಇಳಿಯತೊಡಗುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಉಳಿಯುತ್ತದೆ. ಆಗ ಮೊದಲನೆಯ ಬಕೆಟ್‌ನ ನೀರನ್ನು ಚೆಲ್ಲಿ, ಅದರ ಜಾಗಕ್ಕೆ ಈ ನೀರನ್ನು ಸುರಿದು, ಅರ್ಧ ಗ್ರಾಂ ಸಕ್ಕರೆ ಕರಗಿಸಿ, ಮುಚ್ಚಿಡಿ, ಅಲುಗಾಡಿಸಬೇಡಿ. ದಿನವೂ ನೈಟ್ರೇಟ್ ಪರೀಕ್ಷಿಸುತ್ತ ಹೋದರೆ, ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗುವುದನ್ನು ಮಕ್ಕಳು ತಾವೇ ಕಾಣುತ್ತಾರೆ.